ಬೈದರೆ ಹೊರಡುವ ಜೀಪು

“ಅಜ್ಜಾರ, ಒಬ್ಬ ಮನುಷ್ಯಾನ್ನ ಎಷ್ಟು ಸಲ ತಿದ್ದಬೇಕ್ರಿ?”

ಕೇಳಿದವನು ಮಠದ ಹಿರಿಯ ಶಿಷ್ಯ ಮಹಾಂತಯ್ಯ. ಅವನ ಕೈಯಲ್ಲಿ ಒಂದು ಬಟ್ಟೆಯ ಗಂಟಿತ್ತು. ಬಟ್ಟೆ ಕೊಟ್ರೇಶನದು, ಗಂಟು ಕಟ್ಟಿದವನು ಮಹಾಂತಯ್ಯನೇ. ಬೆಳಗಿನ ಬಸ್ಸಿಗೆ ಕೊಟ್ರೇಶನನ್ನು ಅವನ ಊರಿಗೆ ಸಾಗಹಾಕುವುದೆಂದು ತೀರ್ಮಾನಿಸಿಬಿಟ್ಟಿದ್ದ. ಮಠದ ಸ್ವಾಮಿಗಳಾದ ಅಜ್ಜನವರ ಒಪ್ಪಿಗೆಯೊಂದು ಬಾಕಿ ಇತ್ತು.

ಕೊಟ್ರೇಶ ಪುರಾಣ ಓದುವುದನ್ನು ಕಲಿಯಲು ಮಠಕ್ಕೆ ಬಂದ ತರುಣ. ಕಲಿಸುವ ಹೊಣೆ ಮಹಾಂತಯ್ಯನದು. ಅವನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಕಲಿಸುತ್ತಿದ್ದ. ಒಂದಕ್ಷರ ಜಾರಿದರೂ ತೊಡೆ ತಟ್ಟಿ ನಿಲ್ಲಿಸುತ್ತಿದ್ದ. ಶ್ರಾವಣ ಹತ್ತಿರ ಬಂದಿತ್ತು. ಶ್ರಾವಣದಲ್ಲಿ ಊರವರ ಮುಂದೆ ಓದಬೇಕಾದ ಕೊಟ್ರೇಶ ಎರಡು ಸಾಲು ಮುಗಿಯುವುದರೊಳಗೆ ತೊದಲುತ್ತಿದ್ದ.

“ಬುದ್ಧಿ ಹೇಳಿದ್ದಾತ್ರಿ, ಬೈದದ್ದಾತ್ರಿ. ಸಿಟ್ಟು ತಡೀಲಾರದ ಬೈದು ನಾಕು ದಿನ ಮಾತು ಬಿಟ್ಟು, ಅವನ ಕಡೆ ಹೊಳ್ಳಿ ನೋಡದಂಗ ಇರ್ತೀನ್ರಿ. ಆಗ ಗಂಟಲು ಬಿಚ್ಚಿ ಚಂದ ಓದ್ತಾನ. ಬೈಗುಳ ನಾಟಿತು ಅಂತ ಮತ್ತ ಹೋಗಿ ಬಾಜೂಕ ಕುಂತೆ ಅಂದ್ರ ಮುಗೀತು, ಮತ್ತ ತೊದಲ್ತಾನ. ನನಗ ಸಾಕಾಗ್ಯದ್ರಿ ಅಜ್ಜಾರ. ಅವನ ತಲ್ಯಾಗ ಇನ್ನೇನು ಕಸ ಉಳಿದದ, ಎಲ್ಲಿಂದ ತೆಗೀಲಿ?”

ಅಜ್ಜನವರು ಗಂಟನ್ನು ನೋಡಿದರು. ಕೂಡು ಎಂದು ಕೈ ಮಾಡಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಜೀಪಿನವನಿದ್ದ. ಅವನದು ಯಾವ ಕಾಲದ್ದೋ ಪೆಟ್ರೋಲ್ ಜೀಪು. ಗುಡ್ಡದ ಮೇಲೊಂದು ಹಳ್ಳಿ. ಅಲ್ಲಿಗೆ ರಸ್ತೆ ಎಂಬುದು ಹೆಸರಿಗೆ ಮಾತ್ರ, ಉಳಿದದ್ದೆಲ್ಲ ಬಂಡೆ ಮತ್ತು ಕೊರಕಲು. ಬೇರೆ ಗಾಡಿಗಳು ಗುಡ್ಡದ ಬುಡದಲ್ಲೇ ಕೈಮುಗಿದು ತಿರುಗುತ್ತಿದ್ದವು. ಇದೊಂದು ಏರುತ್ತಿತ್ತು. ಹಳ್ಳಿಯ ಅಕ್ಕಿ, ಬೆಲ್ಲ, ಬಾಣಂತಿ, ಬೀಗರು ಎಲ್ಲ ಅದರಲ್ಲೇ ಹೋಗಬೇಕು. ಅವನ ಹೊಟ್ಟೆಪಾಡೂ ಅದೇ, ಹೆಮ್ಮೆಯೂ ಅದೇ.

ಏರಿನಲ್ಲಿ ಜೀಪು ಹಿಂದಕ್ಕೆ ವಾಲಿದಾಗ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ತುಳುಕುತ್ತಿತ್ತು. ಹಿಂದೆ ಕೂತವರು ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಒಂದು ತೊಟ್ಟು ತುಳುಕಿದರೂ ಜೀಪಿನವನ ಹೊಟ್ಟೆ ಉರಿಯುತ್ತಿತ್ತು. ಹಳೆಯ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ಮುಚ್ಚಳದೊಳಗೆ ಕೂರಿಸಿದ. ಪ್ರತಿ ಬೆಳಿಗ್ಗೆ ಪೆಟ್ರೋಲ್ ತುಂಬಿಸಿ, ರಟ್ಟೆಯ ಬಲವೆಲ್ಲ ಹಾಕಿ ಮುಚ್ಚಳ ಬಿಗಿಯತೊಡಗಿದ. ತುಳುಕುವುದು ನಿಂತಿತು. ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಪ್ರೀತಿ ಬಂತು.

ಆಮೇಲೆ ಜೀಪು ಅರ್ಧ ಗುಡ್ಡಕ್ಕೆ ಹೋಗಿ ಕೆಮ್ಮುವುದಕ್ಕೆ ಶುರುಮಾಡಿತು. ಕೆಮ್ಮಿ ಕೆಮ್ಮಿ ನಿಂತೇಬಿಡುತ್ತಿತ್ತು.

ಜೀಪಿನವ ಬಾನೆಟ್ ಎತ್ತಿ ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವುದು ಅದು. ನೋಡಿದರೆ ಪೆಟ್ರೋಲ್ ನಿಲ್ಲುವ ಅದರ ಬಟ್ಟಲೇ ಒಣಗಿತ್ತು. ಎಲ್ಲೋ ಕಸ ಸಿಕ್ಕಿಕೊಂಡಿದೆ ಎಂದುಕೊಂಡ. ಬಂಡೆಯ ಮೇಲೆ ಟವೆಲ್ ಹಾಸಿ ಬಿಡಿಭಾಗಗಳನ್ನೆಲ್ಲ ತೆಗೆದಿಟ್ಟ. ಸಣ್ಣ ತೂತುಗಳನ್ನು ಬಾಯಿಂದ ಊದಿದ, ಪೆಟ್ರೋಲಿನಲ್ಲಿ ಅದ್ದಿ ತೊಳೆದ. ಮತ್ತೆ ಜೋಡಿಸಿ ಕೀಲಿ ತಿರುಗಿಸಿದರೆ ಜೀಪು ಹೊರಟಿತು. ಮರುದಿನ ಅದೇ ಏರಿನಲ್ಲಿ ನಿಂತಿತು.

ಪೇಟೆಯಿಂದ ಹೊಸ ಪ್ಯಾಕಿಂಗ್, ಹೊಸ ಸೂಜಿ, ಹೊಸ ಫ್ಲೋಟ್ ತಂದು ಹಾಕಿದ. ಪೈಪು ಬದಲಿಸಿದ, ಪಂಪು ಬಿಚ್ಚಿ ನೋಡಿದ. ಕಾರ್ಬುರೇಟರ್ ಮದುವೆಗೆ ತೊಳೆದಿಟ್ಟ ತಂಬಿಗೆಯಂತೆ ಹೊಳೆಯಿತು. ಆದರೂ ಜೀಪು ನಿಂತಿತು. ಮನೆಯಲ್ಲಿ ಊಟ ಬಡಿಸಿದ ಹೆಂಡತಿಯ ಮೇಲೆ ರೇಗಿದ. ಅವಳ ತಪ್ಪೇನೂ ಇರಲಿಲ್ಲ.

ಒಂದು ದಿನ ಬಿಚ್ಚುವ ತಾಳ್ಮೆಯೂ ಉಳಿಯಲಿಲ್ಲ. ಬೋಲ್ಟು ಬಿಚ್ಚುವ ಪಾನಾ ಎಸೆದ. ಜೀಪಿನ ಏಳು ತಲೆಮಾರನ್ನು ಹಿಡಿದು ಬೈದ. ಟೈರಿಗೆ ಒದ್ದ, ನೋವಾದದ್ದು ಅವನ ಕಾಲಿಗೇ. ಇದರ ಮೋರೆ ನೋಡಲಾರೆ ಎಂದು ದೂರದ ಬಂಡೆಯ ಮೇಲೆ ಬೆನ್ನು ಮಾಡಿ ಕೂತ. ನಿಧಾನವಾಗಿ ಎಲೆ ಅಡಿಕೆ ಮೆದ್ದು, ಉಗುಳಿ, ಬಂದು ಕೀಲಿ ತಿರುಗಿಸಿದ. ಹೊರಟಿತು!

ಇದಕ್ಕೆ ಬೈಗುಳವೇ ಮದ್ದು ಎಂದು ಅವನು ಕಂಡುಕೊಂಡ. ಅಂದಿನಿಂದ ಜೀಪು ನಿಂತಾಗಲೆಲ್ಲ ಬೈಯುವುದು, ಬೆನ್ನು ಮಾಡಿ ಕೂರುವುದು, ಎದ್ದು ಹೊರಡಿಸುವುದು. ಜೀಪಿನಲ್ಲಿ ಬರುವವರೂ ಪಾಠ ಕಲಿತರು. ಮುದುಕಿಯರು ಕೂಡ ಇಳಿದು, ತಮ್ಮ ಪಾಲಿನ ಒಂದೆರಡು ಬೈದು, ನೆರಳು ಹುಡುಕಿಕೊಂಡು ಹೋಗುತ್ತಿದ್ದರು.

ಒಮ್ಮೆ ಮದುಮಗನ ಕಡೆಯವರನ್ನು ಹೊತ್ತು ಹೊರಟಿದ್ದಾಗ ಜೀಪು ನಿಂತಿತು. ಮುಹೂರ್ತ ಹತ್ತಿರವಿತ್ತು. ದೂರ ಹೋಗಿ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರೂ ಸುತ್ತ ನಿಂತು ಬೈದರು, ಜೀಪಿನವ ಕೀಲಿ ತಿರುಗಿಸಿದ. ಮತ್ತೆ ಬೈದರು, ಮತ್ತೆ ತಿರುಗಿಸಿದ.

“ಇವತ್ತೇನು ನಿನ್ನ ಬಾಯಿ ಬಿದ್ದುಹೋಗ್ಯದೇನು? ಜೋರ ಬೈಯಲೇ!” ಎಂದು ಮದುಮಗನ ಸೋದರಮಾವ ಕೂಗಿದ.

“ಬೈದು ಬೈದು ಗಂಟಲು ಹರದದ್ರಿ ಗೌಡ್ರ. ಇದಕ್ಕ ನಾಚಿಕಿ ಅನ್ನೂದಽ ಇಲ್ಲ!”

ಮದುಮಗ ಬಾಸಿಂಗ ಕೈಯಲ್ಲಿ ಹಿಡಿದು ಗುಡ್ಡ ಹತ್ತತೊಡಗಿದ. ಉಳಿದವರು ಅವನ ಹಿಂದೆ ನಡೆದರು. ಜೀಪಿನವನಿಗೆ ಅವಮಾನದಿಂದ ಕಣ್ಣು ತುಂಬಿತು. ನಾಳೆಯೇ ಇದನ್ನು ಗುಜರಿಗೆ ಹಾಕುವುದು ಎಂದು ಆಣೆ ಇಟ್ಟುಕೊಂಡ. ಆದರೆ ಒಳಗಿರುವ ಪೆಟ್ರೋಲನ್ನು ಗುಜರಿಯವನಿಗೆ ಏಕೆ ಬಿಡಬೇಕು? ಕ್ಯಾನು ತೆಗೆದುಕೊಂಡು ಟ್ಯಾಂಕಿನ ಹತ್ತಿರ ಹೋದ.

ಮುಚ್ಚಳ ಬರಲಿಲ್ಲ. ಒಳಗಿನಿಂದ ಯಾರೋ ಹಿಡಿದು ಎಳೆಯುತ್ತಿರುವಂತಿತ್ತು. ಹಲ್ಲು ಕಚ್ಚಿ ತಿರುಗಿಸಿದ. ಉಸ್ಸ್ ಎಂದು ಗಾಳಿ ಒಳಗೆ ನುಗ್ಗಿತು.

ಮುಚ್ಚಳ ಹಿಡಿದುಕೊಂಡು ನಿಂತ. ಅದರ ನಡುವೆ, ಮಾಡಿದವರೇ ಬಿಟ್ಟ ಒಂದು ಸಣ್ಣ ತೂತಿತ್ತು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹರಿಯಬೇಕಾದರೆ ಅಷ್ಟು ಗಾಳಿ ಒಳಗೆ ಬರಬೇಕು. ಅದು ಬರುವ ದಾರಿಗೆ ಅವನೇ ಟ್ಯೂಬಿನ ತುಂಡು ಅಡ್ಡ ಇಟ್ಟು ಬಿಗಿದಿದ್ದ. ಅವನು ಬೆನ್ನು ಮಾಡಿ ಕೂತಷ್ಟು ಹೊತ್ತು ಎಲ್ಲೋ ಸಂದಿಯಿಂದ ತುಸು ಗಾಳಿ ನುಸುಳುತ್ತಿತ್ತು. ಅಷ್ಟರಿಂದ ಜೀಪು ಹೊರಡುತ್ತಿತ್ತು. ಪಾಪ, ಬೈಗುಳ ಅದಕ್ಕೆ ಕೇಳಿಸಿಯೇ ಇರಲಿಲ್ಲ.

ಟ್ಯೂಬಿನ ತುಂಡನ್ನು ಕಿತ್ತೆಸೆದು ಕೀಲಿ ತಿರುಗಿಸಿದ. ಅರ್ಧ ದಾರಿಯಲ್ಲಿ ಮದುಮಗನನ್ನು ಹಿಡಿದು ಹತ್ತಿಸಿಕೊಂಡ. ಹಿಂದೆ ಕೂತವರು ಪೆಟ್ರೋಲ್ ತುಳುಕುತ್ತಿದೆ ಎಂದು ಗೊಣಗಿದರು.

“ತುಳುಕಲಿ ಬಿಡ್ರಿ,” ಎಂದ ಜೀಪಿನವ.

ಅಜ್ಜನವರು ಕತೆ ನಿಲ್ಲಿಸಿದರು. ಮಹಾಂತಯ್ಯನಿಗೆ ನಗು ಬಂದಿತ್ತು, ಆದರೆ ಸಿಟ್ಟು ಇಳಿದಿರಲಿಲ್ಲ. ಅಷ್ಟರಲ್ಲಿ ಒಳಗಿನ ಪಡಸಾಲೆಯಿಂದ ಕೊಟ್ರೇಶನ ಧ್ವನಿ ಕೇಳಿಸಿತು. ಒಬ್ಬನೇ ಕೂತು ಓದುತ್ತಿದ್ದ. ರಾಗ ಸಲೀಸಾಗಿ ಏರಿತು, ಇಳಿಯಿತು, ಎಲ್ಲೂ ತಡೆಯಲಿಲ್ಲ.

“ನೋಡ್ರಿ ಅಜ್ಜಾರ, ನೋಡ್ರಿ!” ಎಂದ ಮಹಾಂತಯ್ಯ. “ಮಧ್ಯಾಹ್ನ ಬೈದು ಬಂದೀನಿ, ಈಗ ಹೆಂಗ ಓದ್ತಾನ!”

ಅಜ್ಜನವರು ಗಂಟನ್ನು ಅವನ ತೊಡೆಯ ಮೇಲೆ ಸರಿಸಿದರು.

“ಇದರಾಗಿನ ಅವನ ಅರಿವಿ ತೆಗೆದು ನಿನ್ನ ಅರಿವಿ ಹಾಕ್ಕೊ, ನಾಳಿನ ಬಸ್ಸಿಗೆ ಊರಿಗೆ ಹೋಗಿ ಶ್ರಾವಣ ಮುಗಿಸ್ಕೊಂಡು ಬಾ.”

ಮಹಾಂತಯ್ಯ ಗಂಟು ಬಿಚ್ಚತೊಡಗಿದ.