ಬೋರಲಹಂಡೆ ಗುಡ್ಡ

ಡೋಣಿ ಹೊಳೆಯ ಬಲದಂಡೆಯಲ್ಲಿ ಮುಗಳವಾಡ ಎಂಬ ಊರಿದೆ. ಊರ ಹಿಂದೆ ಒಂದು ಬೋಳು ಗುಡ್ಡ, ಅದರ ನೆತ್ತಿಯ ಮೇಲೆ ಆಳೆತ್ತರದ ಕಲ್ಲುಗುಂಪೆ. ಅಲ್ಲಿ ನೆರಳಿಲ್ಲ, ನೀರಿಲ್ಲ, ದೇವರೂ ಇಲ್ಲ. ಆದರೂ ಗುಡ್ಡ ಹತ್ತುವವರು ಕೆಳಗಿನಿಂದ ಒಂದು ಕಲ್ಲು ಹೊತ್ತುಕೊಂಡೇ ಹತ್ತುತ್ತಾರೆ, ಅದನ್ನು ಗುಂಪೆಗೆ ಹಾಕಿಯೇ ಇಳಿಯುತ್ತಾರೆ. ಇದಕ್ಕೆ ಬೋರಲಹಂಡೆ ಗುಡ್ಡ ಎಂದು ಹೆಸರು. ಗುಂಪೆಯ ತಳದಲ್ಲಿ ಅತ್ತರಿನ ಹಂಡೆಯೊಂದು ಬೋರಲಾಗಿದೆ ಎನ್ನುತ್ತಾರೆ. ತಾನಾಗಿ ಬಿದ್ದದ್ದಲ್ಲ, ಒಬ್ಬ ಹೆಂಗಸು ಸಿಟ್ಟಿನಿಂದ ಬೋರಲು ಹಾಕಿದ್ದು. ಆ ಸಿಟ್ಟು ನ್ಯಾಯದ್ದು ಎಂಬುದರಲ್ಲಿ ಊರವರಿಗೆ ಇಂದಿಗೂ ಎರಡು ಮಾತಿಲ್ಲ.

ಹಿಂದೆ ಒಮ್ಮೆ, ದೇಸಾಯರು ಈ ಸೀಮೆಯನ್ನು ಆಳುತ್ತಿದ್ದಾಗ, ಇಲ್ಲಿ ಖಾಸಿಂಬಿ ಎಂಬ ಅತ್ತರಗಿತ್ತಿ ಇದ್ದಳು. ಅವಳ ತಂದೆ ಹಜ್ ಯಾತ್ರೆಗೆ ಹೋದಾಗ ರೂಮ್ ಎಂಬ ತುರ್ಕರ ದೇಶದ ಗಂಧಿಗನೊಬ್ಬನ ಗೆಳೆತನವಾಗಿ, ಹನ್ನೆರಡು ನರಗೀಸ್ ಗಡ್ಡೆಗಳನ್ನು ಸೊಂಟದ ಚೀಲದಲ್ಲಿ ತಂದಿದ್ದನು. ಈಗಿನವರು ಭೂಮಧ್ಯ ಸಮುದ್ರ ಎನ್ನುವ ನೀರಿನ ದಂಡೆಯ ಹೂವದು. ಬಿಳಿ ಎಸಳು, ನಡುವೆ ಹಳದಿ ಬಟ್ಟಲು. ನಮ್ಮ ಕರಿಮಣ್ಣಿನಲ್ಲಿ ಅದು ಬದುಕಿದ್ದೇ ಹೆಚ್ಚು. ಚಳಿಗಾಲದಲ್ಲಿ ಹತ್ತು ದಿನ ಅರಳಿ ಮುಗಿಯುತ್ತಿತ್ತು. ಸಾಯುವಾಗ ಮುದುಕ, "ಮೊದಲ ಗಡ್ಡಿ ಹೆಚ್ಚಲಿ ಮಗಳ, ಅತ್ತರ ಆಮ್ಯಾಲೆ" ಎಂದಿದ್ದ. ಖಾಸಿಂಬಿ ಹತ್ತು ವರ್ಷ ಒಂದು ಹೂವನ್ನೂ ಹಂಡೆಗೆ ಹಾಕಲಿಲ್ಲ. ಮಲ್ಲಿಗೆ, ಲಾವಂಚ ಬಟ್ಟಿ ಇಳಿಸಿ ಹೊಟ್ಟೆ ಹೊರೆದುಕೊಂಡು, ಹನ್ನೆರಡು ಗಡ್ಡೆಗಳನ್ನು ಮುನ್ನೂರು ಮಾಡಿದಳು. ಹನ್ನೊಂದನೆಯ ವರ್ಷ ಮೊಗ್ಗು ಬಿಟ್ಟಾಗ, ಈ ಸಲ ಅಪ್ಪನ ಹೆಸರಿನಲ್ಲಿ ಒಂದು ಸೀಸೆ ಇಳಿಸುತ್ತೇನೆ ಎಂದು, ಹೂವಿನ ಪರಿಮಳ ಹಿಡಿದಿಡುವ ಗಂಧದೆಣ್ಣೆ ತರಲು ಪೇಟೆಗೆ ಹೋದಳು.

ಅದೇ ವಾರ ದೇಸಾಯರ ವಾಡೆಗೆ ಸುಬೇದಾರನೊಬ್ಬ ಅತಿಥಿಯಾಗಿ ಬರುವವನಿದ್ದ. ಅವನ ಮುಂದೆ ಯಾರೂ ಮೂಸದ ಅತ್ತರು ಇಡಬೇಕೆಂಬ ಹುಚ್ಚು ದೇಸಾಯರಿಗೆ ಹತ್ತಿತು. ಕಾರಭಾರಿ ರಾಣೋಜಿ ಆಳುಗಳೊಂದಿಗೆ ಖಾಸಿಂಬಿಯ ತೋಟಕ್ಕೆ ನುಗ್ಗಿದ. ಹೂವು ಚಿವುಟಲು ಹೋದ ಆಳನ್ನು ಅವನೇ ತಡೆದು, "ಹೂವಿನಾಗ ಏನೈತಿ ಹುಚ್ಚಾ? ಲಾವಂಚದ ವಾಸನಿ ಬೇರಿನಾಗ ಇರತೈತಿಲ್ಲೊ, ಇದಕ್ಕೂ ಅಷ್ಟ. ಬುಡಸಮೇತ ಕೀಳ್ರಿ" ಎಂದನಂತೆ. ಲಾವಂಚದ ಸೀಮೆಯವನ ಬುದ್ಧಿ ಲಾವಂಚವನ್ನು ದಾಟಲಿಲ್ಲ. ಮುನ್ನೂರು ಗಡ್ಡೆಗಳನ್ನೂ ಕಿತ್ತು, ಈರುಳ್ಳಿಯಂತೆ ಹೆಚ್ಚಿ, ಅವಳದೇ ಹಂಡೆಯಲ್ಲಿ ಅವಳದೇ ಒಲೆಯ ಮೇಲೆ ಕುದಿಸಿದರು. ಇಳಿದದ್ದು ಲೋಳೆಯಂಥ ಗಬ್ಬುನೀರು.

ಖಾಸಿಂಬಿ ಮರಳಿದಾಗ ತೋಟದಲ್ಲಿ ಬರೀ ಗುಂಡಿಗಳಿದ್ದವು. ಅವಳು ಅಳಲಿಲ್ಲ. ಮಣ್ಣು ಕೆದರಿ ಕೆದರಿ, ಬೇಲಿಯ ಬುಡದಲ್ಲಿ ಉಳಿದಿದ್ದ ಒಂದೇ ಒಂದು ಗಡ್ಡೆಯನ್ನು ಹೊರತೆಗೆದಳು. ಅಷ್ಟರಲ್ಲಿ ವಾಡೆಯಿಂದ ಕರೆ ತಂದ ಆಳು ಅದನ್ನು ಕಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ತಪ್ಪೆಲ್ಲ ಅವಳದೇ ಆಗಿತ್ತು.

"ಹೇಳದ ಕೇಳದ ಊರು ಬಿಟ್ಟು ಹೋದರ ಅತ್ತರ ಕೆಡದ ಏನಾಗ್ತದ?" ಎಂದ ರಾಣೋಜಿ.

ದೇಸಾಯರು ತಾವೇ ದೊಡ್ಡ ಮನಸ್ಸು ಮಾಡಿದವರ ಹಾಗೆ, "ಒಂದು ಗಡ್ಡಿ ಉಳದದ ಅಂತಲ್ಲ. ನಮ್ಮ ತ್ವಾಟದಾಗ ಹಚ್ಚು. ರಾಣೋಜಿ ಕಾವಲಿರತಾನ" ಎಂದರು.

ಖಾಸಿಂಬಿಯ ಮೈಯೆಲ್ಲ ಉರಿಯಿತು. ಕಿತ್ತ ಕೈಗೇ ಕಾವಲು! ಗಡ್ಡೆಯನ್ನು ಕೊಟ್ಟರೆ ಮುಂದೆ ನೂರಾಗಬಹುದು. ನೂರಾದ ದಿನ ಇವರೇ ಮತ್ತೆ ಕೀಳುವರು. ಕೊಡದಿದ್ದರೆ ಅಪ್ಪ ಕಡಲು ದಾಟಿ ತಂದದ್ದು ಇಲ್ಲಿಗೇ ಮುಗಿಯುವುದು.

"ಕತ್ತೆಗೇನ ಗೊತ್ರೀ ಧಣಿ ಕಸ್ತೂರಿ ವಾಸನಿ?" ಎಂದಳು, ತುಂಬಿದ ಸಭೆಯಲ್ಲಿ. "ಇದು ಅರಳೂದಿದ್ದರ ನಿಮ್ಮ ಮೂಗಿಗೆ ಸಿಗದಂಗ ಅರಳತೈತಿ. ಇಲ್ಲಂದ್ರ ಮಣ್ಣಾಗತೈತಿ."

ಹಾಡುಹಗಲೇ ಅವಳು ತಾಮ್ರದ ಹಂಡೆಯನ್ನು ತಲೆಯ ಮೇಲೆ ಹೊತ್ತು, ಗಡ್ಡೆಯನ್ನು ಸೆರಗಿಗೆ ಕಟ್ಟಿಕೊಂಡು ಗುಡ್ಡ ಹತ್ತಿದಳು. ನೆತ್ತಿಯ ಮೇಲೆ ಗಡ್ಡೆಯನ್ನು ಊರಿ, ಅದರ ಮೇಲೆ ಹಂಡೆಯನ್ನು ಬೋರಲು ಹಾಕಿ, ಹಂಡೆಯ ಮೇಲೊಂದು ಕಲ್ಲಿಟ್ಟಳು. ಹಿಂದೆಯೇ ಬಂದ ಊರವರು ಅದರ ಮೇಲೆ ತಲಾ ಒಂದೊಂದು ಕಲ್ಲು ಹಾಕಿದರು. ರಾಣೋಜಿಯ ಆಳುಗಳು ಗುದ್ದಲಿ ತರುವ ಹೊತ್ತಿಗೆ ಗುಂಪೆ ಎದೆಮಟ್ಟ ಎದ್ದಿತ್ತು, ಸುತ್ತಲೂ ಊರಿಗೆ ಊರೇ ಕೂತಿತ್ತು. ಖಾಸಿಂಬಿ ಮತ್ತೆಂದೂ ಅತ್ತರಿನ ಒಲೆ ಹೊತ್ತಿಸಲಿಲ್ಲ ಎನ್ನುತ್ತಾರೆ.

ಇಂದಿಗೂ ಆ ಗುಂಪೆಯ ಸುತ್ತ ಹುಲ್ಲೂ ಹುಟ್ಟುವುದಿಲ್ಲ. ಒಳಗೆ ಹೂವು ಅರಳಿತೋ ಗಡ್ಡೆ ಕೊಳೆಯಿತೋ ಯಾರೂ ಕಂಡಿಲ್ಲ. ಈಚೆಗೆ ಸುಗಂಧದ ಕಂಪನಿಯವನೊಬ್ಬ ಕಾರಿನಲ್ಲಿ ಬಂದಿದ್ದ. ಗುಂಪೆಯ ಹತ್ತಿರ ನಿಂತು, ಹಳೆಯ ತಳಿ ಸಿಕ್ಕರೆ ಊರಿಗೆ ಹೆಸರು ಬರುತ್ತದೆ, ನಾಲ್ಕು ಕಲ್ಲು ಸರಿಸಿ ನೋಡೋಣ ಎಂದ. ಅತ್ತಾರರ ಮನೆಯ ಮುದುಕಿ ಹುಸೇನಮ್ಮ ಅವನ ಮಾತನ್ನು ಪೂರ್ತಿ ಕೇಳಿ, ಕೆಳಗಿಂದ ಹೊತ್ತು ತಂದಿದ್ದ ತನ್ನ ಕಲ್ಲನ್ನು ಅವನ ಕೈಗಿಟ್ಟಳು.

"ತೆಗಿಯೂ ಮಾತು ಬ್ಯಾಡ್ರಿ ಸಾಹೇಬ್ರ. ಹಾಕ್ರಿ."

ಅವನು ಸುತ್ತ ನಿಂತವರ ಮುಖಗಳನ್ನು ನೋಡಿದ. ಕಲ್ಲು ಹಾಕಿ ಇಳಿದುಹೋದ.