ವಾಲಿದ ಬಿಂದಿಗೆ

“ಗುರುಗಳೇ, ನನ್ನಷ್ಟೂ ಬರೆಯಲು ಬಾರದವರು ನನ್ನ ಚಿತ್ರದಲ್ಲಿ ತಪ್ಪು ತೋರಿಸಿದರೆ ಅದನ್ನು ನಾನು ಯಾಕೆ ಒಪ್ಪಬೇಕು?” ಎಂದು ಮುರಿಗೆಪ್ಪ ಕೇಳಿದ.

ಅವನು ಚಿತ್ರಶಾಲೆಗೆ ಸೇರಿ ಒಂದು ವರ್ಷವಾಗಿತ್ತು. ನೇರ ಗೆರೆ ಮುಗಿಸಿದ್ದ, ವೃತ್ತ ಮುಗಿಸಿದ್ದ, ಈಗ ಬಿಂದಿಗೆಗೆ ಬಂದಿದ್ದ. ಅಲ್ಲಿ ಎಲ್ಲರೂ ಮರದ ಹಲಗೆಯ ಮೇಲೆ ಇದ್ದಿಲಿನಿಂದ ಬಿಂದಿಗೆ ಬರೆಯಬೇಕು, ಒರೆಸಬೇಕು, ಮತ್ತೆ ಬರೆಯಬೇಕು. ಅದರಲ್ಲಿ ನೀರು ನಿಂತೀತು ಎನ್ನಿಸುವವರೆಗೆ ಕುಂಚ ಮುಟ್ಟುವಂತಿಲ್ಲ.

ಸಂಜೆಗೆ ಇನ್ನೊಂದು ಪದ್ಧತಿ. ಹಲಗೆಯನ್ನು ಪಕ್ಕದಲ್ಲಿ ಕೂತವರಿಗೆ ಕೊಡಬೇಕು. ಅವರ ಕಣ್ಣು ಗೆರೆಯ ಮೇಲೆ ಎಲ್ಲಿ ಎಡವುತ್ತದೋ ಅಲ್ಲಿ ಅವರು ಕಾವಿಯಲ್ಲಿ ಅದ್ದಿದ ಬೆರಳಿನಿಂದ ಒಂದು ಚುಕ್ಕೆ ಇಡುತ್ತಾರೆ. ಕಾರಣ ಹೇಳುವಂತಿಲ್ಲ. ಏನು ತಪ್ಪಿದೆ ಎಂದು ಬರೆದವರೇ ಹುಡುಕಿಕೊಳ್ಳಬೇಕು. ಕಾರಣ ಹೇಳಿದರೆ ಜಗಳವಾಗುತ್ತದೆ; ಚುಕ್ಕೆಯೊಡನೆ ಜಗಳವಾಡಲು ಯಾರಿಗೂ ಬರುವುದಿಲ್ಲ ಎಂಬುದು ಈ ಪದ್ಧತಿ ಮಾಡಿದವರ ಲೆಕ್ಕ. ಅವರು ಮುರಿಗೆಪ್ಪನನ್ನು ನೋಡಿರಲಿಲ್ಲ.

ಮುರಿಗೆಪ್ಪ ತನ್ನ ಹಲಗೆಯನ್ನು ಗುರುಗಳ ಮುಂದಿಟ್ಟ. ಬಿಂದಿಗೆಗೆ ಸಿಡುಬು ಎದ್ದಂತಿತ್ತು.

“ಇದೆಲ್ಲ ದ್ಯಾಮವ್ವನ ಕೆಲಸ. ಅವಳು ಬರೆದ ಬಿಂದಿಗೆ ನೋಡಿದರೆ ಸಾರಿಗೆ ಹೆಚ್ಚಿ ಹಾಕೋಣ ಅನ್ನಿಸುತ್ತದೆ, ಹಾಗೆ ಕುಂಬಳಕಾಯಿ ಆಗಿದೆ. ಅವಳು ನನಗೆ ಚುಕ್ಕೆ ಇಡುತ್ತಾಳೆ! ಇದರಲ್ಲಿ ಅರ್ಧ ಚುಕ್ಕೆ ತಪ್ಪೇ ಇಲ್ಲದ ಕಡೆ ಇವೆ.”

“ನೀನು ಅವಳ ಹಲಗೆಗೆ ಎಷ್ಟು ಇಟ್ಟೆ?”

“ಒಂದೂ ಇಲ್ಲ. ಪಾಪ, ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಹಾಗೇ ವಾಪಸು ಕೊಟ್ಟೆ. ನನಗೆ ಅಷ್ಟು ದಾಕ್ಷಿಣ್ಯ ಇದೆ.”

ಗುರುಗಳು ಬಿಂದಿಗೆಯನ್ನು ನೋಡಿದರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವುದು ಅವರಿಗೆ ರೂಢಿಯಿರಲಿಲ್ಲ. ಕೂರು ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಂಥದೇ ಶಾಲೆಯಿತ್ತು. ಅಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ಮಗ, ಒಬ್ಬ ನೇಕಾರನ ಮಗ ಅಕ್ಕಪಕ್ಕ ಕೂರುತ್ತಿದ್ದರು. ವ್ಯಾಪಾರಿಯ ಮಗನ ಕೈ ಚುರುಕು. ನೇಕಾರನ ಮಗನ ಕೈ ಮಂದ; ಅವನು ಬರೆದ ಆನೆಯನ್ನು ಮಕ್ಕಳು ಎಮ್ಮೆ ಎಂದುಕೊಳ್ಳುತ್ತಿದ್ದರು. ಆದರೂ ಇಬ್ಬರಿಗೂ ಪ್ರಾಣಸ್ನೇಹ. ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು. ಮುಂದೆ ಒಂದು ದೊಡ್ಡ ಗೋಡೆಯನ್ನು ಇಬ್ಬರೂ ಸೇರಿ ಬರೆಯಬೇಕು ಎಂಬುದು ಅವರ ಆಸೆಯಾಗಿತ್ತು.

ಬಿಂದಿಗೆಯ ಪಾಠ ಬಂತು. ಮೊದಲ ಸಂಜೆ ನೇಕಾರನ ಮಗ ಗೆಳೆಯನ ಬಿಂದಿಗೆಯ ಕುತ್ತಿಗೆಗೆ ಒಂದು ಚುಕ್ಕೆ ಇಟ್ಟ. ಗೆಳೆಯ ಅವತ್ತು ಬುತ್ತಿ ಮುಟ್ಟಲಿಲ್ಲ. ಮರುದಿನವೂ ಅದೇ ಜಾಗಕ್ಕೆ ಚುಕ್ಕೆ ಬಿತ್ತು. ಗೆಳೆಯ ಮಾತು ಬಿಟ್ಟ. ಅದರ ಮರುದಿನ ನೇಕಾರನ ಮಗ ಬೆರಳನ್ನು ಕಾವಿಯಲ್ಲಿ ಅದ್ದಿದ, ಹಲಗೆ ನೋಡಿದ, ಗೆಳೆಯನ ಮುಖ ನೋಡಿದ, ಬೆರಳನ್ನು ಪಂಚೆಗೆ ಒರೆಸಿಕೊಂಡ.

ಅಂದಿನಿಂದ ವ್ಯಾಪಾರಿಯ ಮಗನ ಹಲಗೆಗೆ ಚುಕ್ಕೆ ಬೀಳಲಿಲ್ಲ. ತನಗೆ ವಿದ್ಯೆ ಹತ್ತಿತು ಎಂದು ಅವನು ತಿಳಿದ. ಆ ಖುಷಿಯಲ್ಲಿ ಅವನೂ ಚುಕ್ಕೆ ಇಡುವುದನ್ನು ಬಿಟ್ಟ. ಶಾಲೆಯ ಮುದಿ ಗುರು ಚುಕ್ಕೆಯಿಲ್ಲದ ಹಲಗೆ ಕಂಡರೆ ಮುಂದಿನ ಪಾಠ ಕೊಡುತ್ತಿದ್ದ. ಗುರುಗಳಲ್ಲೂ ಸೋಮಾರಿಗಳು ಇರುತ್ತಾರೆ. ಅದು ನಿನಗೆ ಇಷ್ಟರಲ್ಲೇ ತಿಳಿದಿರಬೇಕು.

ಹೀಗೆ ಇಬ್ಬರೂ ಸುಖವಾಗಿ ಪಾಠ ಮುಗಿಸಿದರು. ಕೈಗೆ ಕುಂಚ ಬಂತು.

ಆ ಊರಿನಲ್ಲಿ ಒಬ್ಬ ವರ್ತಕ ದಾರಿಹೋಕರಿಗೆ ಒಂದು ಛತ್ರ ಕಟ್ಟಿಸಿದ್ದ. ಅದರ ಹಜಾರದ ಗೋಡೆಗೆ ಚಿತ್ರ ಬೇಕಾಗಿತ್ತು. ಗೆಳೆಯರು ಒಪ್ಪಿಕೊಂಡರು. ಗೆರೆ ಹಾಕುವುದು ವ್ಯಾಪಾರಿಯ ಮಗ, ಬಣ್ಣ ತುಂಬುವುದು ನೇಕಾರನ ಮಗ ಎಂದು ಮಾತಾಯಿತು. ವ್ಯಾಪಾರಿಯ ಮಗ ಕೆರೆಯಿಂದ ನೀರು ತರುವ ಹೆಂಗಸರ ಸಾಲನ್ನು ಇದ್ದಿಲಿನಿಂದ ಬರೆದ. ಹಿಂದೆ ತೆಂಗಿನ ಮರಗಳು, ಒಂದು ಕಂಬದ ಮಂಟಪ. ಗೋಡೆ ತುಂಬಿತು.

ವರ್ತಕ ನೆಂಟರಿಷ್ಟರನ್ನು ಕರೆದುಕೊಂಡು ನೋಡಲು ಬಂದ. ಒಂದು ಸಲ ಆ ತುದಿಯಿಂದ ಈ ತುದಿಗೆ ನಡೆದ.

“ಯಾಕಪ್ಪಾ, ಈ ಕೆರೆಯ ಹತ್ತಿರ ಬಹಳ ಗಾಳಿಯೋ?” ಎಂದ.

ಹೆಂಗಸರು ಬಲಕ್ಕೆ ವಾಲಿದ್ದರು. ಅವರ ತಲೆಯ ಮೇಲಿನ ಬಿಂದಿಗೆಗಳು ವಾಲಿದ್ದವು. ಮರಗಳು ವಾಲಿದ್ದವು, ಕಲ್ಲಿನ ಮಂಟಪವೂ ವಾಲಿತ್ತು. ಅಂಗೈಯಗಲದ ಹಲಗೆಯಲ್ಲಿ ಕೂದಲೆಳೆಯಷ್ಟಿದ್ದ ವಾಲು ಗೋಡೆಯಲ್ಲಿ ಮೊಳದುದ್ದವಾಗಿತ್ತು. ನೆಂಟರು ನಕ್ಕರು. ಒಬ್ಬ ಹೆಂಗಸು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಗಾಳಿಗೆ ಎದುರಾಗಿ ನಡೆದು ತೋರಿಸಿದಳು. ಮತ್ತಷ್ಟು ನಕ್ಕರು. ಮಧ್ಯಾಹ್ನದೊಳಗೆ ಗೋಡೆಗೆ ಸುಣ್ಣ ಬಳಿದಾಗಿತ್ತು.

ತಪ್ಪು ದೊಡ್ಡದೇನಲ್ಲ. ವ್ಯಾಪಾರಿಯ ಮಗ ಬರೆಯುವಾಗ ಕತ್ತನ್ನು ಒಂದು ಕಡೆಗೆ ವಾಲಿಸಿ ಕೂರುತ್ತಿದ್ದ. ಹಾಗೆ ಕೂತವನಿಗೆ ವಾಲಿದ್ದೇ ನೇರ. ಅವನು ತಾನಾಗಿ ಇದನ್ನು ಎಂದೂ ಕಾಣಲಾರ. ಕತ್ತೂ ಅವನದೇ, ಕಣ್ಣೂ ಅವನದೇ. ಪಕ್ಕದಲ್ಲಿ ನೆಟ್ಟಗೆ ಕೂತ ಯಾರಿಗಾದರೂ ಕಾಣುತ್ತದೆ. ಅದಕ್ಕೆ ವಿದ್ಯೆ ಬೇಕಿಲ್ಲ.

ಛತ್ರದ ಹಿಂದೆ ಅವನು ಗೆಳೆಯನನ್ನು ತಡೆದು ನಿಲ್ಲಿಸಿದ.

“ನಿನಗೆ ಇದು ಕಂಡಿತ್ತೋ ಇಲ್ಲವೋ?”

“ಕಂಡಿತ್ತು.”

“ಯಾವಾಗ?”

“ಬಿಂದಿಗೆ ಬರೆಯುವಾಗಲೇ.”

“ಮತ್ತೆ ಬೆರಳಿಗೆ ಏನು ರೋಗ ಬಂದಿತ್ತು?”

“ನಿನ್ನ ಮುಖ ಸಣ್ಣದಾಗುತ್ತಿತ್ತು. ನೋಡಲು ಆಗಲಿಲ್ಲ ಕಣೋ.”

“ಈಗ ನೋಡು. ದೊಡ್ಡದಾಗಿದೆಯಾ?”

ವ್ಯಾಪಾರಿಯ ಮಗ ಕುಂಚವನ್ನು ಸೂರಿಗೆ ಸಿಕ್ಕಿಸಿ ಅಪ್ಪನ ಅಂಗಡಿಯಲ್ಲಿ ಎಣ್ಣೆ ಅಳೆಯಲು ಕೂತ. ಅವನ ಜೀವನದಲ್ಲಿ ಬೇರೆ ಆಸೆ ಇರಲಿಲ್ಲ. ಇದ್ದ ಒಂದಕ್ಕೆ ಸುಣ್ಣ ಬಳಿದಾಗಿತ್ತು. ನೇಕಾರನ ಮಗ ಮಗ್ಗಕ್ಕೆ ಹೋದ. ಆ ಮಳೆಗಾಲ ಇಬ್ಬರೂ ಮಾತಾಡಲಿಲ್ಲ.

ಮಳೆ ನಿಂತ ಮೇಲೆ ನೇಕಾರನ ಮಗ ಒಂದು ದಿನ ಅಂಗಡಿಗೆ ಬಂದ. ಕಂಕುಳಲ್ಲಿ ಹಲಗೆ, ತಲೆಯ ಮೇಲೆ ಬಿಂದಿಗೆ, ಕೈಯಲ್ಲಿ ಕಾವಿಯ ಬಟ್ಟಲು.

“ಎಣ್ಣೆ ಬೇಕೇ?” ಎಂದು ಗೆಳೆಯ ಕೇಳಿದ.

“ಬೇಡ. ಬರೆ,” ಎಂದು ಅವನು ಬಿಂದಿಗೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ.

ಗೆಳೆಯ ಸಿಟ್ಟಿನಲ್ಲೇ ಬರೆದ. ನೇಕಾರನ ಮಗ ಕುತ್ತಿಗೆಗೆ ಚುಕ್ಕೆ ಇಟ್ಟ. ಗೆಳೆಯ ಇದ್ದಿಲನ್ನು ಬೀದಿಗೆ ಎಸೆದ. ನೇಕಾರನ ಮಗ ಹೋಗಿ ಅದನ್ನು ಎತ್ತಿಕೊಂಡು ಬಂದು ಮತ್ತೆ ಅವನ ಕೈಗೆ ಕೊಟ್ಟ. ಎಣ್ಣೆಗೆ ಬಂದವರು ಕಾದು ಕಾದು ಬೇರೆ ಅಂಗಡಿಗೆ ಹೋದರು. ವ್ಯಾಪಾರಿ ಇಬ್ಬರನ್ನೂ ಬೈದ. ಹೀಗೆ ಬಹಳ ದಿನ ನಡೆಯಿತು. ಕೊನೆಗೊಂದು ದಿನ ಬಿಂದಿಗೆ ನೆಟ್ಟಗೆ ಕೂತಿತು.

ಮುಂದೆ ವ್ಯಾಪಾರಿಯ ಮಗ ಹೆಸರಾಂತ ಚಿತ್ರಗಾರನಾದ. ದೂರದ ಪಟ್ಟಣದಲ್ಲಿ ಮನೆ ಮಾಡಿದ. ನೇಕಾರನ ಮಗ ಊರಿನಲ್ಲೇ ನೇಕಾರನಾಗಿ ಉಳಿದ. ಅವನ ಆನೆ ಕೊನೆಯವರೆಗೂ ಎಮ್ಮೆಯೇ. ಆದರೆ ಚಿತ್ರಗಾರ ಯಾವ ಚಿತ್ರಕ್ಕೂ ಗೆಳೆಯನನ್ನು ಕೇಳದೆ ಬಣ್ಣ ಹಚ್ಚುತ್ತಿರಲಿಲ್ಲ. ಗೆರೆ ಹಾಕಿದ ಹಲಗೆಗೆ, ಒರೆಸಿ ಹೋಗದಂತೆ, ಇನ್ನೊಂದು ಹಲಗೆ ಮುಚ್ಚಿ ಗಾಡಿಯಲ್ಲಿ ಊರಿಗೆ ಕಳಿಸುತ್ತಿದ್ದ. ಅದು ಚುಕ್ಕೆಗಳೊಡನೆ ವಾಪಸು ಬರುತ್ತಿತ್ತು. ಇಷ್ಟು ದೊಡ್ಡವರಾಗಿ ಒಬ್ಬ ನೇಕಾರನಿಂದ ತಪ್ಪು ಹಾಕಿಸಿಕೊಳ್ಳುವುದೇ ಎಂದು ಶಿಷ್ಯರು ಕೇಳಿದರೆ, “ಅವನಿಗೆ ಬೇರೆ ಕೆಲಸವಿಲ್ಲ,” ಎಂದು ಬೈಯುತ್ತ ಚುಕ್ಕೆಗಳನ್ನು ಒಂದೊಂದಾಗಿ ನೋಡುತ್ತಿದ್ದ.

ಇಬ್ಬರಿಗೂ ವಯಸ್ಸಾಯಿತು. ಒಂದು ಸಲ ಹಲಗೆ ಚುಕ್ಕೆಯಿಲ್ಲದೆ ಬಂತು.

ಚಿತ್ರಗಾರ ಮಗುವಿನಂತೆ ಹಿಗ್ಗಿದ. ಹಲಗೆಯನ್ನು ಹೆಂಡತಿಗೆ ತೋರಿಸಿದ, ಶಿಷ್ಯರಿಗೆ ತೋರಿಸಿದ, ಪಕ್ಕದ ಮನೆಯವರನ್ನೂ ಕರೆದು ತೋರಿಸಿದ. ಕೊನೆಗೆ ಗಾಡಿಯವನಿಗೂ ತೋರಿಸಿದ.

“ನೋಡಪ್ಪಾ, ಕೊನೆಗೂ ಅವನ ಬಾಯಿ ಮುಚ್ಚಿಸಿದೆ. ಏನಂದ?”

“ಚೆನ್ನಾಗಿದೆ ಅಂದರು ಸ್ವಾಮಿ. ಬಹಳ ಹೊತ್ತು ನೋಡಿದರು.” ಗಾಡಿಯವನು ಎತ್ತುಗಳ ಕಡೆಗೆ ತಿರುಗಿದ. “ಅವರು ನೋಡಿದ್ದು ಹಲಗೆಯ ಹಿಂಬದಿ.”

ಚಿತ್ರಗಾರ ಅದೇ ಗಾಡಿಯಲ್ಲಿ ಹಲಗೆಯೊಡನೆ ಊರಿಗೆ ಹೊರಟ.

ಮಗ್ಗದಲ್ಲಿ ಮಗ ಕೂತಿದ್ದ. ನೇಕಾರ ಜಗಲಿಯಲ್ಲಿ ಗೋಡೆಗೆ ಒರಗಿದ್ದ. ಕಣ್ಣು ಪೂರ್ತಿ ಹೋಗಿತ್ತು.

“ಯಾರು?”

“ಎಣ್ಣೆ ಬೇಕೇ ಅಂತ ಕೇಳಲು ಬಂದೆ.”

ನೇಕಾರ ದನಿ ಬಂದ ಕಡೆಗೆ ಮುಖ ತಿರುಗಿಸಿದ. ನಂತರ, “ನಿನ್ನ ಚಿತ್ರ ನೋಡಿದೆ ಕಣೋ. ಎಲ್ಲೂ ತಪ್ಪಿಲ್ಲ,” ಎಂದ.

“ನನ್ನ ಮುಖ ಸಣ್ಣದಾಗುತ್ತದೆ ಅಂತ ಮತ್ತೆ ಶುರು ಮಾಡಿದೆಯಾ?”

“ನಿನ್ನ ಮುಖವೇ ಕಾಣಿಸುವುದಿಲ್ಲವಲ್ಲೋ. ಇನ್ನು ಸಣ್ಣದೇನು, ದೊಡ್ಡದೇನು.”

“ಹಾಗಾದರೆ ಹೆದರಿಕೆ ಏನು? ಇಡು.”

ಚಿತ್ರಗಾರ ಹಲಗೆಯನ್ನು ಗೆಳೆಯನ ತೊಡೆಯ ಮೇಲಿಟ್ಟ. ಅವನ ಬೆರಳನ್ನು ಹಿಡಿದು ಕಾವಿಯಲ್ಲಿ ಅದ್ದಿ ಬಿಟ್ಟ. ಬೆರಳು ಗಾಳಿಯಲ್ಲಿ ಅತ್ತಿತ್ತ ಆಡಿತು. ಆಮೇಲೆ ಹಲಗೆಯ ಮೇಲೆ ಇಳಿಯಿತು.

ಚುಕ್ಕೆ ಸರಿಯಾಗಿ ತಪ್ಪಿನ ಮೇಲೆಯೇ ಬಿತ್ತು ಎಂದು ಆ ಊರಿನವರು ಹೇಳುತ್ತಾರೆ. ಊರಿನವರು ಏನು ಬೇಕಾದರೂ ಹೇಳುತ್ತಾರೆ. ಚುಕ್ಕೆ ಬಿದ್ದದ್ದು ಆಕಾಶದಲ್ಲಿ, ಖಾಲಿ ಜಾಗದಲ್ಲಿ. ಅಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಕುರುಡನ ಬೆರಳು ಬೇರೆಲ್ಲಿ ಬೀಳಬೇಕು?

ಆದರೆ ಚುಕ್ಕೆ ಬಿದ್ದಿತ್ತು. ಚಿತ್ರಗಾರನಿಗೆ ಚುಕ್ಕೆ ಬಿದ್ದಲ್ಲಿ ನೋಡಿ ಅಭ್ಯಾಸ. ಅವನು ಖಾಲಿ ಆಕಾಶವನ್ನು ನೋಡಿದ. ಅಲ್ಲಿ ಏನೂ ಸಿಗಲಿಲ್ಲ. ಅದರ ಕೆಳಗೆ ನೋಡಿದ. ಕೆಳಗೆ ಗೋಪುರವಿತ್ತು. ಗೋಪುರವನ್ನು ನೋಡಿದ, ಹಲಗೆಯನ್ನು ತಿರುಗಿಸಿ ನೋಡಿದ, ಜಗಲಿಯ ಕಂಬಕ್ಕೆ ಒಡ್ಡಿ ನೋಡಿದ. ವಯಸ್ಸಾದ ಕತ್ತು ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಿತ್ತು. ಗೋಪುರ ಬಲಕ್ಕೆ ವಾಲಿತ್ತು. ಪಟ್ಟಣದಲ್ಲಿ ಅಷ್ಟು ಜನಕ್ಕೆ ತೋರಿಸಿದ್ದ. ಎಲ್ಲರೂ ಕೈ ಮುಗಿದಿದ್ದರು.

“ಮತ್ತೆ ಗಾಳಿ ಬೀಸುತ್ತಿದೆ ಕಣೋ,” ಎಂದ ಚಿತ್ರಗಾರ.

“ಹೌದಾ? ನಿಂತಿದೆ ಅಂದುಕೊಂಡಿದ್ದೆ,” ಎಂದ ನೇಕಾರ.

ಇಬ್ಬರು ಮುದುಕರೂ ಎಷ್ಟು ನಕ್ಕರೆಂದರೆ, ಏನಾಯಿತೋ ಎಂದು ಸೊಸೆ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಚಿತ್ರಗಾರ ಗೋಪುರವನ್ನು ಅಲ್ಲೇ ಕೂತು ನೇರ ಮಾಡಿದ. ಆಕಾಶದಲ್ಲಿದ್ದ ಚುಕ್ಕೆಯನ್ನು ಒರೆಸಲಿಲ್ಲ. ಬಣ್ಣ ಹಚ್ಚಿದಾಗಲೂ ಅದನ್ನು ಹಾಗೆಯೇ ಬಿಟ್ಟ. ಅದು ಉದಯಿಸುವ ಸೂರ್ಯ ಎಂದು ಪಂಡಿತರು ಹೇಳಿದರು. ಅವನು ಇಲ್ಲ ಎನ್ನಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ತನ್ನ ಹಲಗೆಯನ್ನು ಎತ್ತಿಕೊಂಡ. ಅದನ್ನು ತಿರುಗಿಸಿ ನೋಡಿದ. ಒಂದು ಚುಕ್ಕೆಯ ಹತ್ತಿರ ಅವನ ಕಣ್ಣು ನಿಂತಿತು, ಆಮೇಲೆ ಇನ್ನೊಂದರ ಹತ್ತಿರ. ಬುದ್ಧಿವಂತ ಹುಡುಗ, ಕತೆಯ ನೀತಿಯನ್ನು ಬೇಗ ಹಿಡಿದ.

“ತಿಳಿಯಿತು ಗುರುಗಳೇ. ಚುಕ್ಕೆ ತಪ್ಪಿದ್ದರೂ ಅದು ನನ್ನನ್ನು ನೋಡುವಂತೆ ಮಾಡುತ್ತದೆ. ದ್ಯಾಮವ್ವ ಇಟ್ಟಿದ್ದನ್ನೆಲ್ಲ ಇನ್ನು ಮೇಲೆ ಬಿಡದೆ ನೋಡುತ್ತೇನೆ. ಇವತ್ತು ಅವಳಿಂದ ನನಗೆ ಲಾಭವೇ ಆಯಿತು.”

ಅವನು ನಮಸ್ಕಾರ ಮಾಡಿ ಬಾಗಿಲವರೆಗೆ ಹೋದ. ಅಂಗಳದಲ್ಲಿ ದ್ಯಾಮವ್ವ ತನ್ನ ಹಲಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಳು. ಹಲಗೆಯಲ್ಲಿ ಎಲ್ಲಿಯೂ ಕಾವಿಯ ಚುಕ್ಕೆ ಇರಲಿಲ್ಲ. ಅವಳು ಅದನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು, ಮತ್ತೆ ಹತ್ತಿರ ತಂದಳು.

“ಹಾಗಾದರೆ ನಿನ್ನ ಪಕ್ಕದಲ್ಲಿ ಕೂತೂ ಆ ಹುಡುಗಿ ಇವತ್ತು ಒಬ್ಬಳೇ ಬರೆದಳು,” ಎಂದರು ಗುರುಗಳು.