ಏಳದ ಮಣೆ

ಗುರುಕರುಣೆಯಿಂದ ನನ್ನ ಕಿವಿಗೆ ಬಿದ್ದ ಕಥೆ ಇದು. ಬಿದ್ದಷ್ಟನ್ನೇ ಹೇಳುತ್ತೇನೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಹಳೆಯ ಅರಸರ ಕಾಲದ ಪ್ರೇಮಕಥೆಗಳನ್ನು, ದೇವರನ್ನು ನಂಬಿ ಒಲಿದವರ ಕಥೆಗಳನ್ನು ಬರೆದವರು ತಮ್ಮ ಹೊತ್ತಗೆಗಳನ್ನು ಅಲ್ಲಿಗೆ ತರುತ್ತಿದ್ದರು. ಆಶ್ರಮದ ಗುರುಗಳಾದ ಅಜ್ಜಾರು ಒಪ್ಪಿದರೆ ಅದನ್ನು ನಕಲು ಮಾಡಿಸಿ ಊರೂರಿಗೆ ಕಳಿಸುತ್ತಿದ್ದರು. ಒಪ್ಪದಿದ್ದರೆ ಅದೇ ದಿನ ಹೊತ್ತು ಮುಳುಗುವ ಮೊದಲು ಬರೆದವರೇ ಅದನ್ನು ಹೊಳೆಗೆ ಬಿಡಬೇಕು.

ಅಜ್ಜಾರ ಕಣ್ಣಿಗೆ ಪೊರೆ ಬಂದ ಮೇಲೆ ಓದುವ ಕೆಲಸ, ತೂಗಿ ಹೇಳುವ ಕೆಲಸ ಎರಡೂ ಶಿಷ್ಯ ಚನ್ನವೀರನ ಪಾಲಿಗೆ ಬಂದವು.

ಅಲ್ಲೊಂದು ಪದ್ಧತಿ. ಓದುವವನು ತನ್ನ ಎದುರಿಗೆ ಒಂದು ಮಣೆ ಹಾಕಿ ಒಂದು ಚೊಂಬು ನೀರಿಡಬೇಕು. ಅದು ಕಥೆಯೊಳಗಿನವರಿಗೆ. ಗಟ್ಟಿಯಾಗಿ ಓದಿ ಮುಗಿಸಿ, ಆಮೇಲೆ ಮಣೆ ಎತ್ತಬೇಕು.

ಓದುಮನೆಯ ಗೋಡೆಯುದ್ದಕ್ಕೂ ಏಳು ಮಣೆಗಳು ಹಾಗೇ ಉಳಿದಿದ್ದವು.

"ತೇವಕ್ಕೆ ನೆಲ ಕಚ್ಚಿವೆ ಅಜ್ಜಾರೇ. ಏಳ್ತಾ ಇಲ್ಲ," ಎಂದಿದ್ದ ಚನ್ನವೀರ.

"ಹೌದಾ?" ಎಂದಿದ್ದರು ಅಜ್ಜಾರು. ಅಷ್ಟೇ.

ಒಂದು ದಿನ ನೀಲಾಂಬಿಕೆ ಎಂಬ ಮುದುಕಿ ಬಂದಳು. ಕಂಕುಳಲ್ಲಿ ಕೆಂಪು ಬಟ್ಟೆ ಸುತ್ತಿದ ಹೊತ್ತಗೆ.

"ಹನ್ನೆರಡು ವರ್ಷ ಬರೆದೆ ಅಪ್ಪಾ. ಕೆಟ್ಟದ್ದಾದರೆ ಕೆಟ್ಟದ್ದು ಅನ್ನು. ಆದರೆ ಓದಿ ಅನ್ನು."

"ಓದದೇ ಹೇಳ್ತೀನಾ ತಾಯಿ?"

"ನಿನ್ನ ಕಣ್ಣು ಆಗಲೇ ಊಟದ ಮನೆ ಕಡೆ ಓಡ್ತಿದೆ, ಅದಕ್ಕೇ ಹೇಳಿದೆ," ಎಂದು ನಕ್ಕು, ಅವಳು ಹೊರಗಿನ ಜಗಲಿಯಲ್ಲಿ ಕೂತಳು.

ಚನ್ನವೀರ ಎಂಟನೆಯ ಮಣೆ ಹಾಕಿದ. ನೀರಿಟ್ಟ. ಓದತೊಡಗಿದ.

ಮಲ್ಲಾಂಬೆ ಎಂಬ ಹುಡುಗಿ, ಒಬ್ಬ ನಾಯಕನಿಗೆ ಮನಸ್ಸು ಕೊಟ್ಟವಳು. ಅವನು ಗಾಯಗೊಂಡು ಆಚೆ ದಡದಲ್ಲಿ ಬಿದ್ದಿದ್ದಾನೆಂದು ಕೇಳಿ, ಶಿವನ ಹೆಸರು ಹೇಳಿ, ತುಂಬಿದ ಹೊಳೆಗೆ ಇಳಿದಳು. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಎದೆಗೆ ಬಂತು.

ಚನ್ನವೀರ ಆಕಳಿಸಿದ. ಇಂಥವು ಎಷ್ಟೋ ಓದಿದ್ದ. ನೂರಿಪ್ಪತ್ತು ಹಾಳೆ ಬಿಟ್ಟು ಕೊನೆಯ ಹಾಳೆ ತೆಗೆದ. ಅಲ್ಲಿ ಮದುವೆಯ ಚಪ್ಪರ, ವಾದ್ಯ, ದೀಪ ಹಿಡಿದ ಹೆಂಗಸು, ಧಾರೆಯ ನೀರು. ಗೊತ್ತಿದ್ದದ್ದೇ.

ಹೊತ್ತಗೆ ಮುಚ್ಚಿ ಅಜ್ಜಾರ ಬಳಿಗೆ ಹೋದ.

"ಎಲ್ಲ ಒಂದೇ ಥರ ಅಜ್ಜಾರೇ. ನಂಬಿದಳು, ದಾಟಿದಳು, ಮದುವೆಯಾದಳು. ಬರೆದವಳು ಭಕ್ತಿಯನ್ನ ಮೇಲಿಂದ ಬಳಿದಿದ್ದಾಳೆ."

"ಮಣೆ ಎತ್ತಿದೆಯಾ?"

"ಎತ್ತುತ್ತೇನೆ."

"ಎತ್ತಿ ಇಲ್ಲಿಗೆ ತಾ. ಪ್ರಸಾದಕ್ಕೆ ಕೂರಬೇಕು."

ಚನ್ನವೀರ ಹೋದ. ಹೊರಗೆ ಮಟಮಟ ಮಧ್ಯಾಹ್ನ. ಮಣೆಯ ಸುತ್ತ ನೆಲ ಒದ್ದೆಯಾಗಿತ್ತು. ಚೊಂಬಿನಲ್ಲಿ ನೀರಿರಲಿಲ್ಲ.

ಬಗ್ಗಿ ಎತ್ತಲು ನೋಡಿದ. ಏಳಲಿಲ್ಲ. ಎರಡೂ ಕೈ ಹಾಕಿದ. ಹೊಸ ಮಣೆ, ಬೆಳಿಗ್ಗೆ ಅವನೇ ಒಂದು ಕೈಯಲ್ಲಿ ತಂದದ್ದು.

ಹಿಂದೆ ಅಜ್ಜಾರ ಕೋಲಿನ ಸದ್ದಾಯಿತು.

"ಇದೂ ತೇವಕ್ಕೆ ಕಚ್ಚಿತೇನೋ?"

ಚನ್ನವೀರ ಮಣೆಯಿಂದ ಕೈ ತೆಗೆದ.

"ಅವಳನ್ನ ಎಲ್ಲಿ ಬಿಟ್ಟೆ ತಮ್ಮಾ?"

"ಯಾರನ್ನ ಅಜ್ಜಾರೇ?"

"ನೀನು ಕರೆದು ಕೂರಿಸಿದವಳನ್ನ."

ಅವನು ಒದ್ದೆ ನೆಲವನ್ನು ನೋಡಿದ. "ಎದೆಮಟ್ಟದ ನೀರಿನಲ್ಲಿ."

ಅಜ್ಜಾರು ತಮ್ಮ ಹೆಗಲ ಮೇಲಿನ ಶಾಲು ತೆಗೆದರು. ತಡವರಿಸುತ್ತ ಮುಂದೆ ಬಂದು ಅದನ್ನು ಮಣೆಯ ಮೇಲೆ ಬಿಟ್ಟರು.

ಶಾಲು ಮಣೆಯ ಮೇಲೆ ಬೀಳಲಿಲ್ಲ. ಕೂತವರ ಹೆಗಲಿನಷ್ಟು ಎತ್ತರದಲ್ಲಿ ನಿಂತಿತು. ಚಳಿ ಹತ್ತಿದವರ ಮೈಮೇಲಿನ ಬಟ್ಟೆಯಂತೆ ಸಣ್ಣಗೆ ನಡುಗುತ್ತಿತ್ತು.

"ಇನ್ನು ಸ್ವಲ್ಪ ತಡಕೋ ತಾಯಿ. ಓದ್ತಾನೆ," ಎಂದರು ಅಜ್ಜಾರು, ಮನೆಗೆ ಬಂದವರೊಡನೆ ಮಾತಾಡುವ ಹಾಗೆ.

ಚನ್ನವೀರ ಎದುರಿಗೆ ಕೂತ. ಚೊಂಬಿಗೆ ನೀರು ತುಂಬಿದ. ಬಿಟ್ಟ ಹಾಳೆಯಿಂದ ಗಟ್ಟಿಯಾಗಿ ಓದತೊಡಗಿದ. ತಲೆ ಎತ್ತಲಿಲ್ಲ. ಎದುರಿನಿಂದ ಆಗಾಗ ಉಸಿರು ಬಿಟ್ಟಂತೆ ಕೇಳುತ್ತಿತ್ತು, ಕಥೆಯಲ್ಲಿ ಅವಳು ಉಸಿರು ಬಿಟ್ಟ ಕಡೆಯೇ.

ಬಿಸಿಲು ಇಳಿಯಿತು. ಜಗಲಿಯಲ್ಲಿ ಮುದುಕಿ ಗೋಡೆಗೆ ಕಿವಿಗೊಟ್ಟು ಕೂತಿದ್ದಳು.

ಮಲ್ಲಾಂಬೆ ಹೊಳೆ ದಾಟಲಿಲ್ಲ. ಸೆಳವು ಅವಳನ್ನು ಎಲ್ಲಿಗೋ ಒಯ್ಯಿತು. ಯಾರದೋ ಊರಿನಲ್ಲಿ, ಯಾರದೋ ಗುಡಿಯಲ್ಲಿ ಕಸ ಗುಡಿಸಿ ದೀಪ ಹಚ್ಚಿದಳು. ಇಪ್ಪತ್ತು ವರ್ಷದ ಮೇಲೆ ನಾಯಕನ ಊರಿಗೆ ಬಂದಳು. ಅಂದು ಅವನ ಮಗಳ ಮದುವೆ. ದೀಪ ಹಿಡಿಯಲು ಬರಬೇಕಾದವಳು ಬಂದಿರಲಿಲ್ಲ. ಯಾರೋ ಇವಳ ಕೈಗೆ ದೀಪ ಕೊಟ್ಟರು. ಇವಳು ಹಿಡಿದು ನಿಂತಳು. ಹುಡುಗಿ ಸುಖವಾಗಿರಲಿ ಎಂದು ಶಿವನನ್ನು ಬೇಡಿದಳು.

ಯಾರೂ ಅವಳನ್ನು ಗುರುತಿಸಲಿಲ್ಲ.

ಹೊತ್ತು ಮುಳುಗಲು ನಾಲ್ಕು ಬೆರಳಷ್ಟಿತ್ತು. ಚನ್ನವೀರ ಹೊತ್ತಗೆ ಮುಚ್ಚಿದ. ಎದುರಿನ ಶಾಲು ಮೆಲ್ಲಗೆ ಮಣೆಯ ಮೇಲೆ ಕುಸಿಯಿತು.

ಅವನು ಮಣೆಯ ಅಂಚಿಗೆ ಒಂದು ಬೆರಳು ಕೊಟ್ಟ. ಎದ್ದು ಬಂತು.

"ನಾನೂ ಗುರುತಿಸಲಿಲ್ಲ ಅಜ್ಜಾರೇ," ಎಂದ. ಅವನಿಗೆ ಅಳು ಬಂದಿತ್ತು. "ಕೊನೆಯ ಹಾಳೆಯಲ್ಲಿ ದೀಪ ಹಿಡಿದು ನಿಂತವಳು ಅವಳೇ. ನಾನು ಮದುಮಗಳನ್ನ ನೋಡಿದೆ."

"ಅದನ್ನ ನನಗೆ ಹೇಳಬೇಡ. ಹೊರಗೆ ಕೂತವಳಿಗೆ ಹೇಳು."

ನೀಲಾಂಬಿಕೆ ಹೊತ್ತಗೆ ಇಸಿದುಕೊಳ್ಳಲು ಆಗಲೇ ಎದ್ದು ನಿಂತಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಳೆಗೆ ಇಳಿಯುವವಳ ಹಾಗೆ.

"ಯುದ್ಧದ ಭಾಗ ಉದ್ದವಾಯ್ತು ತಾಯಿ," ಎಂದ ಚನ್ನವೀರ. "ನಾಯಕನ ಮಾತು ಎರಡು ಕಡೆ ನಾಟಕದವರ ಮಾತಿನ ಹಾಗಿದೆ."

"ಅದು ನನಗೂ ಗೊತ್ತು ಅಪ್ಪಾ. ಮುಂದೆ ಹೇಳು."

"ಇದು ಹೊಳೆಗೆ ಹೋಗೋದಲ್ಲ. ನಾನೇ ನಕಲು ಮಾಡ್ತೀನಿ."

ಮುದುಕಿ ಸೆರಗು ಬಿಡಿಸಿ ಮುಖ ಒರೆಸಿಕೊಂಡಳು. ಹೊತ್ತಗೆಗೆ ಕೈ ಮುಗಿದು, ಅದನ್ನು ಮುಟ್ಟದೆ ನಡೆದುಹೋದಳು.

ಚನ್ನವೀರ ಒಳಗೆ ಬಂದ. ಹಗುರಾದ ಮಣೆಯನ್ನು ಅಜ್ಜಾರ ಮುಂದಿಟ್ಟ. ಅಜ್ಜಾರು ಕೂರಲಿಲ್ಲ. ಅವರ ಮುಖ ಗೋಡೆಯ ಕಡೆಗಿತ್ತು.

"ಆ ಏಳು ಮಣೆ, ಚನ್ನವೀರಾ?"

ಅವನು ನೋಡಿದ. ವರ್ಷಗಳಿಂದ ನೋಡಿಯೂ ನೋಡದ್ದನ್ನು ನೋಡಿದ. ಹೊರಗೆ ಮಳೆ ನಿಂತು ತಿಂಗಳು ಕಳೆದಿತ್ತು. ಗೋಡೆಗಳು ಬಿರುಕು ಬಿಡುವಷ್ಟು ಒಣಗಿದ್ದವು. ಒಂದು ಮಣೆಯ ಮುಂದಿನ ನೆಲ, ಯಾರೋ ಕಾಲ ಹೆಬ್ಬೆರಳಿನಿಂದ ಕೆರೆಯುತ್ತ ಕೂತಂತೆ, ಸವೆದು ಗುಳಿ ಬಿದ್ದಿತ್ತು.

ಅವನು ಅಜ್ಜಾರ ಪಾದ ಹಿಡಿದ.

"ಆ ಹೊತ್ತಗೆಗಳೆಲ್ಲ ಹೊಳೆಗೆ ಹೋದವು ಅಜ್ಜಾರೇ. ನಾನೇ ಹೋಗಲಿ ಅಂದೆ. ಈಗ ಓದೋದಾದರೂ ಎಲ್ಲಿಂದ?"

ಅಜ್ಜಾರು ಶಾಲು ಹುಡುಕಿ ಎತ್ತಿಕೊಂಡರು. ಅದರ ತುದಿ ಹಿಂಡಿದರು. ನೀರು ತೊಟ್ಟಿಕ್ಕಿತು.

"ಏಳು ಚೊಂಬು ನೀರಿಡು. ಕಥೆ ಅವರಿಗೆ ಗೊತ್ತು. ನೀನು ಎದುರಿಗೆ ಕೂತು ಕೇಳು."